ಮೋಡದ ಕೆಳಗಿನ ಜಿಗಿತ

ಮದ್ದೂರಿನ ಶಾಲೆಯೊಂದರಲ್ಲಿ ನಾನು ಆಟದ ಟೀಚರ್. ವಯಸ್ಸು ಮೂವತ್ತು ದಾಟಿದ ಮೇಲೆ ಪ್ಯಾರಾಚೂಟ್ ಜಿಗಿತ ಕಲಿಯಲು ಹೋದೆ. ಮಳವಳ್ಳಿ ಕಡೆಯ ಬಯಲಿನಲ್ಲಿ ಶಿಬಿರ. ಕಲಿಸುತ್ತಿದ್ದ ಮೇಷ್ಟ್ರು ಸೇನೆಯಿಂದ ನಿವೃತ್ತರಾದವರು, ಮಂಡ್ಯದವರೇ.

ಕೆಲವು ಜಿಗಿತಗಳಾದ ಮೇಲೆ, ಒಂದು ಬೆಳಿಗ್ಗೆ ಮೋಡ ತೀರ ಕೆಳಕ್ಕೆ ಇಳಿದಿತ್ತು. ವಿಮಾನ ಮೋಡದ ಕೆಳಗೇ ಹಾರಬೇಕು, ಎಂದಿನ ಎತ್ತರ ಸಿಗುವುದಿಲ್ಲ, ಹೊರಬಿದ್ದು ಮೈ ಸ್ಥಿರವಾದ ಕೂಡಲೇ ಪ್ಯಾರಾಚೂಟ್ ಬಿಚ್ಚಬೇಕು ಎಂದು ಮೇಷ್ಟ್ರು ವಿವರಿಸಿದರು. ಬೇಡವೆನ್ನಿಸಿದವರು ವಿಮಾನದಲ್ಲೇ ವಾಪಸ್ ಬರಬಹುದು, ಅದರಲ್ಲಿ ಅವಮಾನವೇನಿಲ್ಲ ಎಂದೂ ಹೇಳಿದರು. ನನ್ನ ಮೈಗೆ ಬಿಗಿದ ಪಟ್ಟಿಗಳನ್ನು ಎಳೆದು ನೋಡುತ್ತಾ, "ಬಯಲು ಮುಟ್ಟಕ್ಕಾಗಲ್ಲ ಅನ್ನುಸ್ತಾ, ಅಲ್ಲೇ ಆಸೆ ಬುಟ್ಬುಡು. ತಂತಿ ಇಲ್ದಿರೋ ಬೇರೆ ಜಾಗ ನೋಡ್ಕೊ. ನೆಲದ ಅತ್ರ ಮಾತ್ರ ಗಕ್ಕನೆ ತಿರುಗ್ಬ್ಯಾಡ ಕಣಮ್ಮ" ಅಂದರು.

ಜಿಗಿದೆ, ಬಿಚ್ಚಿದೆ. ತಲೆಯ ಮೇಲೆ ಬಿಳಿ ಬಟ್ಟೆ ಅರಳಿತು. ಹಗ್ಗ ಸಿಕ್ಕಾಗಿಲ್ಲವೆಂದು ನೋಡಿಕೊಂಡೆ. ಆಮೇಲೆ ಸದ್ದೇ ಇಲ್ಲ. ಆ ನಿಶ್ಶಬ್ದದೊಳಗೆ ಕೆಳಗಿನಿಂದ ಅಳು ಏರಿ ಬಂತು. ಹಲವು ಹೆಂಗಸರ ಅಳು. ಕಿವಿಯ ಪಕ್ಕದಲ್ಲೇ ಕೂತು ಅತ್ತಷ್ಟು ಸ್ಪಷ್ಟ. ಕಣ್ಣಿಗೆ ಮಾತ್ರ ಕಬ್ಬಿನ ಗದ್ದೆ ಬಿಟ್ಟು ಏನೂ ಕಾಣಲಿಲ್ಲ.

ಗಾಳಿ ನನ್ನನ್ನು ಬಯಲಿನಿಂದ ದೂರ ತಳ್ಳುತ್ತಿತ್ತು. ಒಂದು ಕಡೆ ಕರೆಂಟು ಕಂಬಗಳು. ಅವುಗಳಿಗೆ ದೂರವಾಗಿ, ಕೊಯ್ಲಾದ ರಾಗಿ ಹೊಲವೊಂದು ಕಂಡಿತು. ಇನ್ನೂ ಎತ್ತರವಿರುವಾಗಲೇ ಅತ್ತ ತಿರುಗಿದೆ. ಹತ್ತಿರವಾದಾಗ ಹೊಲದ ಮೂಲೆಯಲ್ಲಿ ಜನ, ತಮಟೆಯ ಸದ್ದು. ಅವರ ನಡುವೆ ಆಗಷ್ಟೇ ತೋಡಿದ ಗುಂಡಿ. ಬೇರೆ ಜಾಗ ಹುಡುಕುವಷ್ಟು ಎತ್ತರ ಉಳಿದಿರಲಿಲ್ಲ. ಗಾಳಿಗೆ ಎದುರಾಗಿ, ಕಾಲು ಜೋಡಿಸಿ, ಇನ್ನೊಂದು ಮೂಲೆಗೆ ಇಳಿದೆ. ಬಿಳಿ ಬಟ್ಟೆ ನಿಧಾನವಾಗಿ ನನ್ನ ಹಿಂದೆ ಕುಸಿಯಿತು.

ತಮಟೆ ನಿಂತಿತು. ಅಳುವೂ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಯಾರೂ ಕದಲಲಿಲ್ಲ. ಕೊನೆಗೆ ಒಬ್ಬ ಮುದುಕಿ ಎದ್ದು ಬಂದು ನನ್ನ ಕೈ ಹಿಡಿದಳು. ಸತ್ತವಳ ತಂಗಿಯಂತೆ.

"ನಮ್ಮಕ್ಕ ಏನಾರ ಯೋಳಿ ಕಳ್ಸಿದ್ಲೇನವ್ವ?"

ವಿಮಾನ, ಶಿಬಿರ, ಗಾಳಿ ಎಲ್ಲವನ್ನೂ ಹೇಳಿದೆ. ಆಕೆ ಕೇಳಿಸಿಕೊಂಡಳು, ಅರ್ಥವಾಯಿತೆಂಬಂತೆ ತಲೆಯನ್ನೂ ಆಡಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಬರೋವಾಗ ದಾರೀಲಿ ಯಾರೂ ಸಿಗನಿಲ್ವಾ?"

"ಇಲ್ಲ ಕಣವ್ವ" ಅಂದೆ.

ಬಂದವಳು ಒಂದು ಹಿಡಿ ಮಣ್ಣು ಹಾಕಿಯೇ ಹೋಗಬೇಕು ಎಂದು ಆಕೆ ಕರೆದೊಯ್ದಳು. ಹಾಕಿದೆ. ಮೇಷ್ಟ್ರು ಜೀಪಿನಲ್ಲಿ ಬಂದಾಗ ನಾನು ಆ ಹೆಂಗಸರ ನಡುವೆ ಕೂತಿದ್ದೆ. ಕಾಲು ಸರಿಯಿದೆಯೇ ಎಂದು ಕೇಳಿ, ಜಾಗ ಆರಿಸಿದ್ದು ಸರಿಯಾಯಿತು ಎಂದರು.

ಜಿಗಿಯುವುದನ್ನು ನಾನು ಬಿಡಲಿಲ್ಲ. ಆದರೆ ಪ್ಯಾರಾಚೂಟ್ ತೆರೆದುಕೊಂಡು ಸದ್ದಡಗಿದಾಗ, ಅಕ್ಕಪಕ್ಕದ ಬರಿ ಗಾಳಿಯತ್ತ ಒಮ್ಮೆ ತಿರುಗಿ ನೋಡುತ್ತೇನೆ.