ಕಂಚಾದ ಕೌದಿ

೧೯೯೮ನೆಯ ಇಸವಿ ಜನವರಿ ೨೦, ಮಂಗಳವಾರ. ಹೇಮಂತ ಋತು, ಭೀಮಾನದಿಯ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು, ಬಿಸಿಲಿಗೆ ಕಾವಿರಲಿಲ್ಲ. ಆಲಮೇಲದ ನಮ್ಮ ಎದುರುಮನೆಯ ಇಂದುಬಾಯಿಯವರು ಆ ದಿನ ತಮ್ಮ ಕೌದಿಯನ್ನು ಶಿಲ್ಪಿಯೊಬ್ಬನ ಕೈಗೆ ಒಪ್ಪಿಸಿದರು.

ಮಗಳು ಮುಕ್ತಾಳ ಲಂಗ, ಫ್ರಾಕು, ಶಾಲೆಯ ಸಮವಸ್ತ್ರಗಳನ್ನು ಕತ್ತರಿಸಿ ಹೊಲಿದ ಕೌದಿ ಅದು. ಮುಕ್ತಾ ೧೯೮೯ರ ಜೂನ್ ೧೮ರಂದು ವಿಷಮಶೀತಜ್ವರದಿಂದ ತೀರಿಕೊಂಡಾಗ ಹನ್ನೊಂದು ವರ್ಷದವಳು. ಕೌದಿ ಹಸಿದಿರಬಾರದೆಂದು, ಹೊಲಿಗೆ ಮುಗಿಸುವಾಗ ಮೂಲೆಯಲ್ಲಿ ರೊಟ್ಟಿಯ ಚೂರೊಂದನ್ನಿಟ್ಟು ಮುಚ್ಚುವುದು ಅವರ ಮನೆತನದ ರೂಢಿ; ಇದರಲ್ಲಿಯೂ ಇಟ್ಟಿದ್ದರು. ಹೊದ್ದು ಹೊದ್ದು ಅರಿವೆ ಪಿಸಿಯತೊಡಗಿತ್ತು. ಅದೊಂದೇ ಅವರ ಚಿಂತೆ.

ಶಿಲ್ಪಿ ಬಸಂತರಾಯ ಸಿಂದಗಿಯವನು, ಪುಣೆಯಲ್ಲಿ ನೆಲೆಸಿದ್ದ. ಗೋಣಿಚೀಲ, ಮುರುಕು ಬುಟ್ಟಿ, ಕೌದಿ ಮೊದಲಾದವನ್ನು ಕಂಚಿನಲ್ಲಿ ಎರಕ ಹೊಯ್ದು ಬಂಗಾರದ ಲೇಪ ಕೊಡುವುದು ಅವನ ಕಲೆ.

“ಕಾಕು, ಮೇಣ ಹಚ್ಚಿ ಎರಕ ಹೊಯ್ತೇನಿ. ಇನ್ನ ಎಂದೂ ಹರಿಯೂದಿಲ್ಲ ನೋಡ್ರಿ,” ಎಂದು ಇಂದುಬಾಯಿಯವರಿಗೆ ಹೇಳಿ ಅವನು ಗಂಟು ಹೊತ್ತು ಬಸ್ಸಿಗೆ ನಡೆದ.

“ಬಂಗಾರದ ಕೌದಿ ಹೊದ್ಕೊಂಡ್ರ ಚಳಿ ಹೋಗ್ತೈತೇನ್ರಿ ಇಂದಕ್ಕಾ?” ಎಂದು ನೆರೆಮನೆಯ ಶಮ್ಶುನ್ನೀಸಾ ನಕ್ಕರು.

“ನಗಬ್ಯಾಡ. ಕಟ್ಟಿಗಿ ದೇವರಿಗೆ ಬೆಳ್ಳಿ ಕವಚ ಹಾಕೂದಿಲ್ಲೇನು? ಒಳಗ ದೇವರು ಇದ್ದಂಗ ಇರ್ತಾನ.”

ಅದೇ ವರ್ಷ ಆಗಸ್ಟ್ ೯, ರವಿವಾರ, ಜಿನುಗುಮಳೆಯಲ್ಲಿ ಬಸಂತರಾಯನ ಟೆಂಪೋ ಬಂದಿತು. ಹೈದರಾಬಾದಿನಲ್ಲಿ ಶಿಲ್ಪ ಕೊಂಡವರಿಗೆ ತಲುಪಿಸುವ ದಾರಿಯಲ್ಲಿ ಕಾಕುವಿಗೆ ತೋರಿಸಿ ಹೋಗುವುದು ಅವನ ಆಸೆ. ತೆರೆದ ಟೆಂಪೋದಲ್ಲಿ ಮಡಿಕೆಬಿದ್ದ ಹೊನ್ನಿನ ಒಂದು ರಾಶಿ. ಗುಡ್ಡವೆಂದರೆ ಗುಡ್ಡ, ಮುದುಡಿ ಮಲಗಿದ ಮಗುವೆಂದರೆ ಮಗು. ಇಂದುಬಾಯಿ ಅಂಗೈಯಾಡಿಸಿದರು. ತಾವು ಹಾಕಿದ ಹೊಲಿಗೆಗಳೆಲ್ಲ ಸಿಕ್ಕವು. ರೊಟ್ಟಿಯ ಮೂಲೆಯೂ ಸಿಕ್ಕಿತು.

“ಕವಚ ಛಲೋ ಆಗೈತಿ ತಮ್ಮಾ. ಯಾವ ಕಡಿಂದ ತೆಗೀಬೇಕು? ಒಳಗಿಂದು ಒಮ್ಮೆ ನೋಡಿ ಮುಚ್ತೇನಿ.”

ಬಸಂತರಾಯ ತಡವರಿಸಿದ. “ಒಳಗ ಏನೂ ಇಲ್ಲ ಕಾಕು. ಅರಿವಿ ಸುಟ್ಟು ಹೋಗಿ, ಆ ಜಾಗಾದಾಗ ಕಂಚು ಇಳೀತೈತಿ. ನಿಮಗ ಗೊತ್ತೈತಿ ಅನ್ಕೊಂಡಿದ್ದೆ...”

“ರೊಟ್ಟಿ ಚೂರೂ?”

“ಹೌದ್ರಿ.”

“ಬೂದಿನಾದ್ರೂ ಇಟ್ಟೀಯೇನಪಾ?”

“ಅಚ್ಚು ಒಡದಾಗ ಮಣ್ಣಿನ ಜೋಡಿ ಹೋತ್ರಿ.”

ಇಂದುಬಾಯಿ ಆ ಮೂಲೆಗೆ ಸೆರಗು ಹೊದಿಸಿ, ಟೆಂಪೋದ ಅಂಚಿನಲ್ಲಿ ಮಳೆಯಲ್ಲಿಯೇ ಕುಳಿತರು. ಚಾಲಕ ಎರಡನೆಯ ಸಲ ಹಾರ್ನ್ ಹಾಕಿದಾಗ ಶಮ್ಶುನ್ನೀಸಾ ಅವರನ್ನು ಎಬ್ಬಿಸಿ ಒಳಗೆ ಕರೆದೊಯ್ದರು.

ಆ ಶಿಲ್ಪವನ್ನು ಹೈದರಾಬಾದಿನ ದೊಡ್ಡ ಹೋಟೆಲೊಂದರ ಪ್ರವೇಶಾಂಗಣದಲ್ಲಿ ಇರಿಸಲಾಯಿತು. ಇಂದುಬಾಯಿಯವರು ಮತ್ತೆ ಕೌದಿ ಹೊಲಿಯಲಿಲ್ಲ. ೨೦೦೪ನೆಯ ಇಸವಿ ಡಿಸೆಂಬರ್ ೧೧, ಶನಿವಾರ ಬೆಳಿಗ್ಗೆ ತೀರಿಕೊಂಡರು. ಚಳಿ ಹೆಚ್ಚಾಗಿತ್ತು. ಬಂಧುಗಳು ಬರುವವರೆಗೆ ಶಮ್ಶುನ್ನೀಸಾ ತಮ್ಮ ಮನೆಯ ಕೌದಿಯನ್ನು ತಂದು ಅವರಿಗೆ ಹೊದಿಸಿದರು.