ಇಳಿಯದೆ ಉಳಿದ ನೀರು

೧೯೭೮ರ ಬೇಸಿಗೆ. ಹುಬ್ಬಳ್ಳಿಯ ಒಂದು ಬಸ್ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಏಳು ವರ್ಷ ಫೋರ್‌ಮನ್ ಆಗಿ ದುಡಿದು, ಮಾಲಕರ ಜೊತೆ ಜಗಳಾಡಿಕೊಂಡು ಹೊರಬಿದ್ದು, ಕುಂದಗೋಳದ ಸ್ಟೇಷನ್ ರಸ್ತೆಯಲ್ಲಿ ನಾನು ಸ್ವಂತ ಶೆಡ್ ಹಾಕಿದ ಎರಡನೆಯ ವರ್ಷ ಅದು. ಬಾಡಿ ಕಟ್ಟುವುದೆಂದರೆ ಬರಿಯ ಚಾಸಿಯ ಮೇಲೆ, ಅಂದರೆ ಇಂಜಿನ್ ಮತ್ತು ಗಾಲಿಗಳನ್ನು ಹೊತ್ತ ಕಬ್ಬಿಣದ ಚೌಕಟ್ಟಿನ ಮೇಲೆ, ಗೋಡೆ, ಛಾವಣಿ, ಸೀಟುಗಳನ್ನು ಕೂಡಿಸುವ ಕೆಲಸ. ಆಟೊಮೊಬೈಲ್ ಡಿಪ್ಲೊಮಾ ಮಾಡಿದವರು ಆ ಭಾಗದಲ್ಲಿ ಹೆಚ್ಚು ಜನ ಇರಲಿಲ್ಲ. ಹಾಗಾಗಿ ಊರವರು ನನ್ನನ್ನು ಇಂಜಿನಿಯರ್ ಸಾಹೇಬ್ರು ಎಂದು ಕರೆಯುತ್ತಿದ್ದರು. ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಆ ಏಪ್ರಿಲ್ ತಿಂಗಳಲ್ಲಿ ಕುಬಿಹಾಳದ ಶಂಕರಗೌಡ್ರು ಒಂದು ಪಿಕಪ್ ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಮಿಲಿಟರಿಯವರು ವರ್ಷಗಟ್ಟಲೆ ಓಡಿಸಿ ಹರಾಜಿಗೆ ಹಾಕಿದ ಒಂದು ಟನ್ನಿನ ಗಾಡಿ. ಹಸಿರು ಬಣ್ಣ ಸುಲಿದಿತ್ತು, ಹಿಂದಿನ ತೊಟ್ಟಿಯ ತಳ ತುಕ್ಕು ಹಿಡಿದಿತ್ತು. ಇಂಜಿನ್ ಮಾತ್ರ ಚೆನ್ನಾಗಿತ್ತು.

"ಇದರಾಗ ಸಂಸಾರ ಹೂಡಬೇಕ್ರಿ ಸಾಹೇಬ್ರ," ಎಂದರು ಗೌಡರು. "ನಮ್ಮವ್ವನ್ನ ಶ್ರೀಶೈಲ, ಕಾಶಿ, ಕೇದಾರ ಮಾಡಿಸಿಕೊಂಡು ಬರಬೇಕು. ಎರಡ ತಿಂಗಳಾ ಗಾಡ್ಯಾಗ ಅಡಗಿ, ಗಾಡ್ಯಾಗ ನಿದ್ದಿ."

ಅವರ ತಾಯಿ ಬಸಮ್ಮನವರಿಗೆ ಆಗ ಎಪ್ಪತ್ತರ ಹತ್ತಿರ ವಯಸ್ಸು. ದಿನಾ ಮಿಂದು ಲಿಂಗಪೂಜೆ ಮಾಡದೆ ಬಾಯಿಗೆ ಒಂದು ತುತ್ತು ಹಾಕುವವರಲ್ಲ, ಹೊರಗಿನ ಅಡುಗೆ ಮುಟ್ಟುವವರಲ್ಲ. ರೈಲಿನಲ್ಲಿ ಇದೆಲ್ಲ ನಡೆಯುವುದಿಲ್ಲವೆಂದು ಯಾತ್ರೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತ ಬಂದಿತ್ತು. ಕಾಲು ಗಟ್ಟಿಯಿರುವಾಗಲೇ ಕೇದಾರ ನೋಡಬೇಕೆಂಬುದು ಆ ಮುದುಕಿಯ ಒಂದೇ ಹಟ. ಅಡುಗೆಗೆ, ಆಸರೆಗೆ ಸೊಸೆ, ಅಂದರೆ ಗೌಡರ ಹೆಂಡತಿ ಶಾಂತವ್ವ ಜೊತೆಗೆ ಬರುವವರು, ಗಾಡಿ ಓಡಿಸುವವರು ಗೌಡರೇ.

ಅಳತೆ ತೆಗೆದುಕೊಳ್ಳಲು ನಾನು ಕುಬಿಹಾಳಕ್ಕೆ ಹೋದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಚಹಾ ಕುಡಿಯುತ್ತ, ನಾನೂ ಗೌಡರೂ ಎಲ್ಲವನ್ನೂ ತೀರ್ಮಾನಿಸಿದೆವು. ಮಲಗುವ ಹಲಗೆ ಎಷ್ಟುದ್ದ ಬೇಕೆಂದು ತಿಳಿಯಲು ಅವರ ತಾಯಿಯ ಎತ್ತರ ಕೇಳಿದೆ. ಗೌಡರು ಎದ್ದು ನಿಂತು ಅಂಗೈಯನ್ನು ತಮ್ಮ ಹೆಗಲಿಗೆ ಹಚ್ಚಿ, "ಇಷ್ಟ ಅದಾರ್ರಿ," ಎಂದರು. ನಾನು ಅವರ ಹೆಗಲಿನವರೆಗೆ ಟೇಪು ಹಿಡಿದು ಬರೆದುಕೊಂಡೆ. ಬಸಮ್ಮನವರು ನಡುಮನೆಯ ಬಾಗಿಲ ಹಿಂದೆಯೇ ಕುಳಿತಿದ್ದರು. ಅವರನ್ನು ಹೊರಗೆ ಕರೆಯಬೇಕೆಂದು ನಮ್ಮಿಬ್ಬರಿಗೂ ಅನಿಸಲಿಲ್ಲ.

ಒಂದು ಸಲ ಗೌಡರು ಒಳಗೆ ಹೋಗಿ ಬಂದು ಹೇಳಿದರು: "ಗಾಡಿಗೆ ಹಿಂದ ಬಾಗಿಲಾ ಇರತೈತೇನು ಅಂತ ಒಳಗ ಕೇಳಾಕತ್ತಾರ್ರಿ."

"ಬಾಗಿಲಾ ಯಾಕ್ರಿ? ಮೂರೂ ಬಾಜೂ ತಗಡು ಮ್ಯಾಲೆತ್ತಿದ್ರ ಗಾಳಿ ಹೆಂಗ ಬರತೈತಿ ನೋಡಂತ್ರಿ," ಎಂದೆ. ಸೆಕೆಯ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದುಕೊಂಡಿದ್ದೆ. ಒಳಗಿನಿಂದ ಮತ್ತೆ ಪ್ರಶ್ನೆ ಬರಲಿಲ್ಲ.

ಮೂರು ವಾರ ಹಗಲೆಲ್ಲ ಅದೇ ಕೆಲಸ. ಹಿಂದಿನ ಗಾಲಿಗಳ ಮೇಲೆ ಭಾರ ಹೊರುವ ಲೀಫ್ ಸ್ಪ್ರಿಂಗ್‌ಗೆ ಎರಡು ಪಟ್ಟಿ ಹೆಚ್ಚಿಗೆ ಸೇರಿಸಿದೆ. ತುಕ್ಕು ಹಿಡಿದ ತಳ ಕತ್ತರಿಸಿ ಹೊಸ ತಗಡು ಬೆಸೆದೆ. ಆಂಗಲ್ ಕಬ್ಬಿಣದ ಹಂದರ, ಅದರ ಮೇಲೆ ಅಲ್ಯುಮಿನಿಯಂ ತಗಡು, ಒಳಗೆ ಸಾಗವಾನಿ ಹಲಗೆ. ಮಡಚುವ ಮೂರು ಮಂಚ, ಸ್ಟವ್ ಅಲುಗಾಡದಂತೆ ಕಟ್ಟೆ, ಪೂಜೆಗೊಂದು ಗೂಡು, ರೇಡಿಯೊಕ್ಕೊಂದು ಕಪಾಟು, ಗೌಡರು ಸಂಜೆ ಕಾಲು ಚಾಚಲು ಮಡಚುವ ಆರಾಮ ಕುರ್ಚಿ. ಪಕ್ಕದ ತಗಡುಗಳನ್ನು ಮೇಲೆತ್ತಿ ಕೋಲು ಕೊಟ್ಟರೆ ಅದೇ ಚಪ್ಪರ.

ಎಲ್ಲಕ್ಕಿಂತ ನನಗೆ ಹೆಮ್ಮೆಯಿದ್ದದ್ದು ನೀರಿನ ಟಾಕಿಯ ಮೇಲೆ. ಇನ್ನೂರು ಲೀಟರು ಹಿಡಿಯುವಂಥದ್ದು. ಒಳಗೆ ಎಷ್ಟು ನೀರಿದೆಯೆಂದು ಹೊರಗಿನಿಂದಲೇ ಕಾಣಲಿ ಎಂದು ಅದರ ಪಕ್ಕಕ್ಕೆ ಗೇಜ್ ಗ್ಲಾಸ್ ಕೂಡಿಸಿದ್ದೆ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಬಾಯ್ಲರಿಗೆ ಇರುತ್ತದಲ್ಲ, ಅಂಥ ಗಾಜಿನ ನಳಿಕೆ. ಟಾಕಿಯಲ್ಲಿ ನೀರು ಇಳಿದಷ್ಟು ನಳಿಕೆಯಲ್ಲೂ ಇಳಿಯುತ್ತದೆ. ಶೆಡ್ಡಿಗೆ ಬಂದವರನ್ನೆಲ್ಲ ಕೈಹಿಡಿದು ಕರೆದೊಯ್ದು ಅದನ್ನು ತೋರಿಸುತ್ತಿದ್ದೆ.

ಯಾತ್ರೆಗೆ ಮುಂಚೆ ಒಂದು ದಿನದ ಪರೀಕ್ಷೆ ಇಟ್ಟುಕೊಂಡೆವು. ಪೂರ್ತಿ ಭಾರ, ಪೂರ್ತಿ ಬಿಸಿಲು, ನೇರವಾದ ರಸ್ತೆ ಬೇಕಾಗಿತ್ತು. ಅಣ್ಣಿಗೇರಿಯ ಮೇಲಿಂದ ನವಲಗುಂದಕ್ಕೆ ಹೋಗುವುದೆಂದು ನಾನೇ ಆರಿಸಿದೆ. ಸುಗ್ಗಿ ಮುಗಿದು ಎರೆಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ರಸ್ತೆಯ ಎರಡೂ ಬದಿ ಕಣ್ಣು ಹರಿದಷ್ಟು ದೂರ ಅಂಗೈಯಂಥ ಬಯಲು. ಗಾಡಿಯ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಗೌಡರಿಗೆ ಹೇಳಿದ್ದೆ.

ನಸುಕಿನಲ್ಲೇ ಹೊರಟೆವು. ಮುಂದೆ ಗೌಡರು ಮತ್ತು ನಾನು, ಹಿಂದೆ ಅತ್ತೆ ಸೊಸೆ. ಬಿಸಿಲೇರಿದ ಮೇಲೆ ಆಗಾಗ ಗಾಡಿ ನಿಲ್ಲಿಸಿ ರೇಡಿಯೇಟರ್ ಮುಟ್ಟಿ ನೋಡುತ್ತಿದ್ದೆ, ಸ್ಪ್ರಿಂಗ್ ನೋಡುತ್ತಿದ್ದೆ, ಗಾಜಿನ ನಳಿಕೆ ನೋಡುತ್ತಿದ್ದೆ. ಹಾಗೆ ನಿಲ್ಲಿಸಿದಾಗ ನಾವಿಬ್ಬರು ಗಂಡಸರು ಹೊಲದ ಬದುವಿನ ಕಡೆ ಹೋಗಿ ಬರುತ್ತಿದ್ದೆವು. ಬೆನ್ನು ತಿರುಗಿಸಿ ನಿಂತರೆ ಮುಗಿಯಿತು, ನಮಗೇನು.

ಮಧ್ಯಾಹ್ನ ರಸ್ತೆಯ ಪಕ್ಕ ಚಪ್ಪರ ಎತ್ತಿ ಊಟಕ್ಕೆ ಕುಳಿತೆವು. ಕಟಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಶಾಂತವ್ವನವರು ನಮಗೆ ತಂಬಿಗೆ ತಂಬಿಗೆ ನೀರು ಕೊಟ್ಟರು, ತಾವು ಒಣ ರೊಟ್ಟಿ ಮುರಿಯುತ್ತ ಕುಳಿತರು. ಗೌಡರು, "ನೀ ನೀರ ಕುಡಿಯವಲ್ಲ್ಯಲ್ಲ?" ಎಂದರು. "ನೀರಡಿಕಿ ಇಲ್ರಿ," ಎಂದರು ಆಕೆ.

"ನಮ್ಮಾಕಿನೂ ಹಿಂಗ ನೋಡ್ರಿ," ಎಂದು ನಾನು ನಡುವೆ ಬಾಯಿ ಹಾಕಿದೆ. "ಬಸ್ಸಿನ್ಯಾಗ ಎಷ್ಟ ದೂರ ಹೋದ್ರೂ ಆಕೀಗೆ ನೀರಡಿಕಿನ ಆಗಂಗಿಲ್ಲ. ಹೆಣ್ಮಕ್ಕಳ ದೇಹಾನ ಹಂಗ." ಬಸಮ್ಮನವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆ ನೋಟ ನೆನಪಾದರೆ ನನಗೆ ಇವತ್ತಿಗೂ ಮೈ ಕುಗ್ಗುತ್ತದೆ.

ನವಲಗುಂದ ಮುಟ್ಟಿದಾಗ ಅಲ್ಲಿ ಸಂತೆ ನೆರೆದಿತ್ತು. ನಾನು ಮಾಡಬಾರದ್ದನ್ನು ಮಾಡಿದ್ದು ಅಲ್ಲಿಯೇ. ಮನೆಯಂಥ ಗಾಡಿ ಬಂದಿದೆಯೆಂದು ಜನ ಮುತ್ತಿಕೊಂಡರು. ನನಗೆ ಹುರುಪು ಏರಿತು. ಮೂರೂ ಕಡೆಯ ತಗಡು ಎತ್ತಿ, ಮಂಚ ಬಿಚ್ಚಿ, ಕುರ್ಚಿ ಬಿಚ್ಚಿ, ಟಾಕಿಯ ಮುಂದೆ ನಿಂತು ಭಾಷಣ ಶುರುಮಾಡಿದೆ. "ನೋಡ್ರಿ, ಮುಂಜಾನಿಂದ ಬಿಸಲಾಗ ಓಡೇತಿ, ನಳಿಗ್ಯಾಗ ಎರಡ ಬಟ್ಟ ನೀರ ಸೈತ ಇಳದಿಲ್ಲ!" ಗೌಡರೂ ಪಕ್ಕದಲ್ಲಿ ಮೀಸೆ ತಿರುವುತ್ತ ನಿಂತಿದ್ದರು. ಹೆಂಗಸರಿಬ್ಬರು ಸೆರಗು ಮುಖಕ್ಕೆಳೆದುಕೊಂಡು ಪೂಜೆಯ ಗೂಡಿನ ಕಡೆಗೆ ತಿರುಗಿ ಮೂಲೆಯಲ್ಲಿ ಕುಳಿತಿದ್ದರು. ಸುತ್ತ ನೂರಾರು ಗಂಡಸರು, ನಡುವೆ ಗೋಡೆಯಿಲ್ಲದ ನನ್ನ ಗಾಡಿ.

ಶಾಂತವ್ವನವರು ಮೂಲೆಯಿಂದ ಪಕ್ಕಕ್ಕೆ ವಾಲಿ ಬಿದ್ದಾಗ ನಾನಿನ್ನೂ ಮಾತಾಡುತ್ತಲೇ ಇದ್ದೆ.

ಸಂತೆಯ ಹತ್ತಿರವೇ ಒಬ್ಬ ವಯಸ್ಸಾದ ವೈದ್ಯರ ದವಾಖಾನೆಯಿತ್ತು. ಎತ್ತಿಕೊಂಡು ಹೋದೆವು. ನಾಲಗೆ ಒಣಗಿ ಅಂಟಿಕೊಂಡಿತ್ತು, ಮೈ ಸುಡುತ್ತಿತ್ತು. ವೈದ್ಯರು ಸಲೈನ್ ಹಚ್ಚಿ ನಮ್ಮ ಕಡೆ ತಿರುಗಿದರು. "ಇವರಿಗೆ ನೀರ ಕುಡಿಸಿಲ್ಲೇನ್ರಿ?"

"ಗಾಡ್ಯಾಗ ಇನ್ನೂರ ಲೀಟರ್ ಐತ್ರಿ ಡಾಕ್ಟ್ರ," ಎಂದೆ ನಾನು. "ಇನ್ನೂ ಟಾಕಿ ತುಂಬೇ ಐತಿ!"

"ನಾನೂ ಅದನ್ನ ಕೇಳಾಕತ್ತೇನಿ. ಯಾಕ ತುಂಬೇತಿ?"

ಉತ್ತರ ಕೊಟ್ಟವರು ಬಸಮ್ಮನವರು. ಸೊಸೆಯ ಕಾಲ ಬಳಿ ಕುಳಿತಿದ್ದ ಅವರು ಸೆರಗು ಹಿಂದೆ ಸರಿಸಿ, ಮೂವರು ಗಂಡಸರ ಎದುರು ನೇರವಾಗಿ ಹೇಳಿದರು. "ಕುಡಿಯಾಕ ಟಾಕಿ ಮಾಡ್ಯಾರ್ರಿ ಡಾಕ್ಟ್ರ. ಕುಡದ ಮ್ಯಾಲ ಹೆಣ್ಮಕ್ಕಳು ಎಲ್ಲಿ ಹೋಗಬೇಕು ಅನ್ನೂದನ್ನ ಮಾಡಿಲ್ಲ. ನಸಕಿನ್ಯಾಗ ಹೊರಕಡಿ ಹೋಗಿ ಗಾಡಿ ಹತ್ತಿದ್ದು. ಆ ಬಯಲಾಗ ಮರೀಗೆ ಒಂದ ಗಿಡಾ ಇಲ್ಲ. ಇಲ್ಲಿ ನೋಡಿದ್ರ ಸಂತಿ ಕೂಡಿಸ್ಯಾರ. ನಾನರ ಮುದುಕಿ, ಹೆಂಗೋ ತಡಕೊಂಡೆ. ಈಕಿ ನಿನ್ನಿ ಸಂಜಿಯಿಂದ ಬಾಯಿಗೆ ಹನಿ ನೀರ ಹಾಕಿಲ್ಲ."

ಗೌಡರು ನೆಲ ನೋಡಿದರು. ನಾನು ಎಲ್ಲಿ ನೋಡಲಿ? ಎರಡು ಬೆರಳಷ್ಟೂ ಇಳಿದಿಲ್ಲವೆಂದು ಊರ ತುಂಬ ಸಾರಿದವನು ನಾನು. ಒಬ್ಬ ಹೆಣ್ಣುಮಗಳು ಗಂಟಲು ಒಣಗಿಸಿಕೊಂಡು ಕುಳಿತದ್ದನ್ನೇ ನನ್ನ ಟಾಕಿಯ ಗುಣವೆಂದು ಜನರಿಗೆ ತೋರಿಸಿದ್ದೆ.

ಶಾಂತವ್ವನವರು ಚೇತರಿಸಿಕೊಂಡರು. ಕುಬಿಹಾಳಕ್ಕೆ ಹಿಂದಿರುಗಿ, ಪಡಸಾಲೆಯಲ್ಲಿ ಕುಳಿತ ಮೇಲೆ ಗೌಡರು ನಿಟ್ಟುಸಿರು ಬಿಟ್ಟರು. "ಹೆಣ್ಮಕ್ಕಳನ್ನ ಕಟಿಗೊಂಡು ಆಗೂ ಕೆಲಸಲ್ರಿದು. ನಾವು ಗಂಡಸರ ಹೋಗಿ ಬರತೀವಿ. ಅವ್ವಾ, ನಿನಗ ಗಂಗಾನ ನೀರ ತರತೀನಿ."

"ನೀರು ಮನ್ಯಾಗೂ ಐತಪಾ," ಎಂದರು ಬಸಮ್ಮನವರು. ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿ ಕುಳಿತರು. ಯಾರ ಸಲುವಾಗಿ ಆ ಗಾಡಿ ಕಟ್ಟಿದ್ದೆನೋ ಅವರೇ ಅದರಿಂದ ಇಳಿಯಬೇಕಾಗಿತ್ತು, ಅದೂ ನನ್ನ ತಪ್ಪಿಗೆ. ಒಂದು ವಾರ ಕೊಡಿರೆಂದು ಗೌಡರಿಗೆ ಕೈಮುಗಿದೆ.

ಮನೆಗೆ ಬಂದು ಊಟಕ್ಕೆ ಕುಳಿತಾಗ ಹೆಂಡತಿ ಗಿರಿಜಾಗೆ ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ, "ನಿನಗ ಮಾತ್ರ ಹಾದ್ಯಾಗ ನೀರಡಿಕಿ ಆಗಂಗಿಲ್ಲ, ಹೌದಿಲ್ಲೋ?" ಎಂದು ಕೇಳಿದೆ. ಹೌದೆನ್ನಲಿ ಎಂಬ ಆಸೆಯಿತ್ತು.

"ಹಂಗಂತ ನಾ ಎಂದ ಹೇಳೇನ್ರಿ?" ಎಂದಳು ಆಕೆ, ಸಾರು ಬಡಿಸುತ್ತ. "ನೀವ ಅನ್ಕೊಂಡೀರಿ. ಬಸ್ಸಿಗೆ ಹೋಗೂದಿದ್ರ ಹಿಂದಿನ ದಿನಾ ಸಂಜಿಯಿಂದನ ನಾ ನೀರ ಬಿಡತೀನಿ. ನಮ್ಮವ್ವ ಕಲಿಸಿದ್ದು. ಎಲ್ಲಾರೂ ಹಂಗ ಮಾಡತಾರ."

ನಮಗೆ ಮದುವೆಯಾಗಿ ಹನ್ನೆರಡು ವರ್ಷ. ಎಷ್ಟೋ ಬಸ್ಸುಗಳ ಬಾಡಿ ನಾನು ಕಟ್ಟಿದ್ದೆ, ಎಷ್ಟೋ ಬಸ್ಸುಗಳಲ್ಲಿ ಆಕೆಯ ಪಕ್ಕದಲ್ಲೇ ಕುಳಿತಿದ್ದೆ.

ಮರುದಿನ ಗಿರಿಜಾಳನ್ನು ಕುಬಿಹಾಳಕ್ಕೆ ಕರೆದುಕೊಂಡು ಹೋದೆ. ಅಳತೆಯ ಟೇಪು ಆಕೆಯ ಕೈಗೆ ಕೊಟ್ಟು ಒಳಗೆ ಕಳಿಸಿ, ನಾನು ಪಡಸಾಲೆಯಲ್ಲಿ ಕುಳಿತೆ. ಒಳಗೆ ಮೂವರೂ ಬಹಳ ಹೊತ್ತು ಮಾತಾಡಿದರು, ನಡುನಡುವೆ ನಕ್ಕರು. ಯಾರ ಬಗ್ಗೆ ನಗುತ್ತಿದ್ದರೆಂದು ಕೇಳಬೇಕಾಗಿರಲಿಲ್ಲ. ಆಮೇಲೆ ಗಾಡಿಯ ಹತ್ತಿರ ಬಂದು, ಇದು ತೆಗೆಯಿರಿ, ಅದು ತೆಗೆಯಿರಿ ಎಂದು ಕೈ ಮಾಡಿ ತೋರಿಸಿದರು. ರೇಡಿಯೊದ ಕಪಾಟು ಹೋಯಿತು, ಆರಾಮ ಕುರ್ಚಿ ಹೋಯಿತು. ಒಂದು ಪಕ್ಕದ ತಗಡನ್ನು ಎತ್ತಲು ಬಾರದಂತೆ ರಿವೆಟ್ ಬಡಿದು ಖಾಯಂ ಕೂಡಿಸಿದೆ. ಆ ಮೂಲೆಯಲ್ಲಿ ಎರಡೂವರೆ ಅಡಿ ಅಗಲ, ಮೂರು ಅಡಿ ಉದ್ದದ ಗೂಡು ಮಾಡಿದೆ. ತಳದಲ್ಲಿ ಮುಚ್ಚಳವಿರುವ ತೂತು, ಕೆಳಗೆ ಪೈಪು, ಟಾಕಿಯಿಂದ ಒಂದು ನಳ, ತಲೆಯ ಮೇಲೆ ಗಾಳಿಕಿಂಡಿ. ಮೊದಲ ದಿನವೇ ಒಳಗಿನಿಂದ ಕೇಳಿದ್ದ ಹಿಂದಿನ ಬಾಗಿಲೂ ಬಂತು. ಚಿಲಕ ಒಳಗಿನಿಂದ ಇರಲಿ ಎಂದು ಶಾಂತವ್ವನವರು ಎರಡೆರಡು ಸಲ ಹೇಳಿದರು. ಆಕೆ ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

ಮತ್ತೆ ಅದೇ ರಸ್ತೆಗೆ, ಅದೇ ಬಯಲಿಗೆ ಹೋದೆವು. ಮಧ್ಯಾಹ್ನದ ಊಟದ ಹೊತ್ತಿಗೆ ನಳಿಕೆಯಲ್ಲಿ ನೀರು ಕಾಲು ಭಾಗ ಇಳಿದಿತ್ತು. ನಾನು ಅದನ್ನು ಯಾರಿಗೂ ತೋರಿಸಲಿಲ್ಲ. ಬಸಮ್ಮನವರೇ ನನ್ನನ್ನು ಕರೆದರು. "ಈಗ ನೋಡ್ರಿ ಸಾಹೇಬ್ರ ನಿಮ್ಮ ನಳಗೀನ."

ಆ ಬೇಸಿಗೆಯಲ್ಲೇ ಅವರು ಹೋದರು, ಬಸಮ್ಮನವರು ಕೇದಾರ ನೋಡಿಕೊಂಡು ಬಂದರು. ಗಾಡಿಯ ಸುದ್ದಿ ಹಬ್ಬಿ, ನೋಡಲು ಬಂದವರೆಲ್ಲ ಆ ಗೂಡನ್ನೇ ಹೊಗಳಿದರು. "ಎಂಥಾ ವಿಚಾರ ಮಾಡ್ಯಾರ್ರೀ ಸಾಹೇಬ್ರು!" ಆ ವಿಚಾರ ನನ್ನದಲ್ಲ ಎಂದು ಹೇಳಿದರೆ ವಿನಯವೆಂದುಕೊಂಡು ಇನ್ನಷ್ಟು ಹೊಗಳುತ್ತಿದ್ದರು.

ಆ ಮಳೆಗಾಲದಲ್ಲಿ ಗಿರಿಜಾಳ ತವರು ಕಲಘಟಗಿಗೆ ಬಸ್ಸಿನಲ್ಲಿ ಹೊರಟೆವು. ಎಂದಿನಂತೆ ಆಕೆ ತಂಬಿಗೆಯಲ್ಲಿ ನೀರು ತಂದಿದ್ದಳು. ನನ್ನ ಮುಂದೆ ಹಿಡಿದಳು. ಬೇಡವೆಂದೆ. ದಾರಿಯುದ್ದಕ್ಕೂ ಬೇಡವೆಂದೆ. ತವರು ಮುಟ್ಟಿದ್ದೇ ತಡ ಆಕೆ ಹಿತ್ತಲಿಗೆ ಹೋಗಿ ಬಂದು, ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತಂಬಿಗೆ ನೀರು ಕುಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವ್ಯಾಕ ಕುಡೀಲಿಲ್ಲ?" ಎಂದಳು.

"ನಿನಗಿಲ್ಲದ್ದು ನನಗ್ಯಾಕ ಅಂತ ಬಿಟ್ಟೆ."

ಆಕೆ ನಕ್ಕುಬಿಟ್ಟಳು. "ನೀವು ನೀರಡಿಸಿ ಕುಂತ್ರ ನನಗ ಹೋಗಾಕ ಜಾಗಾ ಆಗತೈತೇನ್ರಿ? ಕುಡೀರಿ ಸುಮ್ನ." ತಂಬಿಗೆ ನನ್ನ ಕೈಗಿಟ್ಟು ಒಳಗೆ ಹೋದಳು.

ನನ್ನ ವೃತ್ತಿ ಕಲಿಸಿದ ಪಾಠ ಆ ಮಾತಿನಲ್ಲೇ ಇದೆ. ನಾಚಿಕೆಪಟ್ಟು ಸುಮ್ಮನೆ ಕುಳಿತರೆ ಏನೂ ಆಗುವುದಿಲ್ಲ, ಹೋಗಿ ಕೇಳಬೇಕು, ಕೇಳಿದ್ದನ್ನು ಕಟ್ಟಬೇಕು. ಮುಂದೆ ಶೆಡ್ ಮುಚ್ಚುವವರೆಗೂ, ಗಾಡಿಯಲ್ಲಿ ಹಿಂದೆ ಕೂರುವವರ ಜೊತೆ ಮಾತಾಡದೆ ನಾನು ಯಾವ ಗಾಡಿಗೂ ಕೈ ಹಚ್ಚಲಿಲ್ಲ. ಅದರಿಂದ ಸಿಟ್ಟಾಗಿ ಎದ್ದುಹೋದ ಗಿರಾಕಿಗಳೂ ಇದ್ದಾರೆ. ಬಸ್ಸುಗಳಿಗೆ ಮಾತ್ರ ನನ್ನಿಂದ ಏನೂ ಮಾಡಲಾಗಲಿಲ್ಲ. ನಕಾಶೆ ಮೇಲಿನಿಂದ ಬರುತ್ತಿತ್ತು, ಸೀಟು ಇಷ್ಟೇ ಎಂದು ಲೆಕ್ಕ ಹಾಕಿಯೇ ಬರುತ್ತಿತ್ತು. ಈಗಲೂ ಬಸ್ಸಿನಲ್ಲಿ ಎದುರಿನ ಸೀಟಿನ ಹೆಂಗಸಿನ ತೊಡೆಯ ಮೇಲೆ ತುಂಬಿದ ನೀರಿನ ಬಾಟಲಿ ಕಂಡರೆ, ಇಳಿಯುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂರುತ್ತೇನೆ.