ಮಾವನವರೂ ನಾನೂ ಇಂಗ್ಲಿಷ್ ಕಲಿತದ್ದು

ನನಗೆ ಇಂಗ್ಲಿಷ್ ಬರುತ್ತದೆ ಎಂದು ಗಂಗಾವತಿಯ ನಮ್ಮ ಓಣಿಯಲ್ಲಿ ಹತ್ತಾರು ಮನೆಯವರು ನಂಬಿದ್ದಾರೆ. ಆ ನಂಬಿಕೆಯನ್ನು ನಾನಾಗಿ ಹುಟ್ಟಿಸಿದ್ದಲ್ಲ. ಕೆಡಿಸುವ ಗೊಡವೆಗೂ ಹೋಗಿಲ್ಲ. ನಿಜ ಹೇಳಬೇಕೆಂದರೆ ಕುಷ್ಟಗಿಯಲ್ಲಿ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆಗೆ ನಾನು ಎರಡು ಸಲ ಕೂತವಳು. ಎರಡನೆಯ ಸಲ ಮೂವತ್ತೈದು ಬಂತು. ಮೂವತ್ತನಾಲ್ಕು ಬಂದಿರಬೇಕು, ಪೇಪರು ನೋಡಿದವರು ಯಾರೋ ಹೆಣ್ಣುಮಕ್ಕಳ ತಂದೆಯಿರಬೇಕು ಎಂಬುದು ನಮ್ಮಪ್ಪನ ಅಭಿಪ್ರಾಯ.

ಸಾಲಿಯಲ್ಲಿ ನಾವು ಕಲಿತ ಇಂಗ್ಲಿಷಿನಲ್ಲಿ ಮನುಷ್ಯನಿಗೆ ಬರುವ ಕಾಯಿಲೆ ಒಂದೇ, ಜ್ವರ. ರಜಾ ಚೀಟಿ ಬರೆಯಿರಿ ಎಂದರೆ ಇಡೀ ತರಗತಿ ಒಟ್ಟಿಗೇ ಜ್ವರದಿಂದ ನರಳುತ್ತಿತ್ತು. ಹೊಟ್ಟೆನೋವು ಬಂದವರು ಏನು ಬರೆಯಬೇಕೆಂದು ಗುರುಗಳು ಹೇಳಿಕೊಟ್ಟಿರಲಿಲ್ಲ. ನನಗೆ ಹೊಟ್ಟೆನೋವು ಬಂದ ದಿನವೂ ಜ್ವರವೆಂದೇ ಬರೆದುಕೊಟ್ಟೆ. ಗುರುಗಳು ನನ್ನ ಹಣೆ ಮುಟ್ಟಿ ನೋಡಿ, ಸುಳ್ಳಿಗೆ ಎಂದು ಎರಡು ಏಟು ಕೊಟ್ಟರು. ಆ ಭಾಷೆಯೊಂದಿಗೆ ನನ್ನ ಸಂಬಂಧ ಹೀಗೆ ಶುರುವಾಯಿತು.

ಆದರೆ ಭಾಷೆ ಕಲಿಯುವುದು ನಮ್ಮ ಸೀಮೆಯವರಿಗೆ ಕಷ್ಟದ ಕೆಲಸವೇನಲ್ಲ. ನಮ್ಮಜ್ಜಿ ಒಂದು ದಿನವೂ ಉರ್ದು ಸಾಲಿಯ ಕಟ್ಟೆ ಹತ್ತಿದವಳಲ್ಲ. ಆದರೂ ಅರ್ಜಿ, ದಫ್ತರು, ತಕರಾರು, ಖುದ್ದು, ಜಲ್ದಿ ಎಂದು ದಿನಕ್ಕೆ ನೂರು ಸಲ ಅನ್ನುತ್ತಿದ್ದಳು. ನಿಜಾಮನ ಆಳಿಕೆ ಹೋಯಿತು, ಅವನ ಶಬ್ದಗಳು ಅಜ್ಜಿಯ ಬಾಯಲ್ಲಿ ಉಳಿದವು. ಮದುವೆಯಾಗಿ ಗಂಗಾವತಿಗೆ ಬಂದ ಆರು ತಿಂಗಳಿಗೆ ನಾನೂ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಹೆಂಗಸರ ಜೊತೆ ತೆಲುಗಿನಲ್ಲಿ ಬದನೆಕಾಯಿ ಚೌಕಾಸಿ ಮಾಡುತ್ತಿದ್ದೆ. ವ್ಯಾಕರಣ ಯಾರೂ ಕೇಳಲಿಲ್ಲ. ಇಂಗ್ಲಿಷೊಂದೇ ಪರೀಕ್ಷೆಯ ಮೂಲಕ ಬಂದದ್ದು; ಅದಕ್ಕೇ ಒಳಗೆ ಬರದೆ ಹೊಸ್ತಿಲಲ್ಲೇ ನಿಂತಿತ್ತೇನೋ.

ನಾನು ಸೊಸೆಯಾಗಿ ಬಂದದ್ದು ಕೊಪ್ಪಳ ಜಿಲ್ಲೆಯಾದ ಮರುವರ್ಷ. ಅತ್ತೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾವು ಮೂವರು: ಬೀಜ ಗೊಬ್ಬರದ ಅಂಗಡಿಗೆ ಬೆಳಿಗ್ಗೆ ಹೋದರೆ ಸಂಜೆಗೆ ಬರುವ ನನ್ನ ಗಂಡ, ನಾನು, ಮತ್ತು ಮಾವನವರು. ಮಾವನವರು ಮುನಿರಾಬಾದಿನ ಡ್ಯಾಮ್ ಕಾಲನಿಯಲ್ಲಿ ಜೀಪ್ ಡ್ರೈವರ್ ಆಗಿದ್ದು ರಿಟೈರ್ ಆದವರು. ಬಿಳಿ ಧೋತರ, ಬಿಳಿ ಅಂಗಿ. ದಿನಾ ಹನ್ನೊಂದಕ್ಕೆ ಹೊಸಪೇಟೆ ಬಸ್ಸಿಗೆ ಬರುವ ಇಂಗ್ಲಿಷ್ ಪೇಪರನ್ನು ತರಿಸಿಕೊಂಡು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಚಷ್ಮಾ ಏರಿಸಿ, ಒಂದು ತಾಸು ಓದುತ್ತಿದ್ದರು. ಹೋಗಿಬರುವವರು ಗೌರವದಿಂದ ನಿಂತು ಸುದ್ದಿ ಕೇಳುತ್ತಿದ್ದರು. ಇವರು ಡೆಲ್ಲಿಯದನ್ನೂ ಬೆಂಗಳೂರಿನದನ್ನೂ ಹೇಳುತ್ತಿದ್ದರು. ಇಂಥ ಮಾವನವರಿರುವ ಮನೆಗೆ ಮೂವತ್ತೈದು ಅಂಕದ ಸೊಸೆ! ಬಂದ ಹೊಸದರಲ್ಲಿ ನಾನು ಅವರೆದುರು ಇಂಗ್ಲಿಷ್ ಅಕ್ಷರವಿದ್ದ ಬಿಸ್ಕತ್ತಿನ ಪೊಟ್ಟಣವನ್ನೂ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದೆ.

ಹಾಗೆ ಮುಚ್ಚಿಟ್ಟುಕೊಂಡ ಪೊಟ್ಟಣಗಳನ್ನೇ ಅಡುಗೆಮನೆಯಲ್ಲಿ ಬಿಚ್ಚಿ ಓದತೊಡಗಿದೆ. ಬೇರೆ ಓದಲು ಏನೂ ಇರಲಿಲ್ಲ, ಮಧ್ಯಾಹ್ನಗಳು ಉದ್ದವಿದ್ದವು. ಕುಕ್ಕರಿನ ಪುಸ್ತಕ, ಸೋಪಿನ ಸುತ್ತುಕಾಗದ, ಗಂಡನ ಅಂಗಡಿಯಿಂದ ಬಂದ ಖಾಲಿ ಚೀಲ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಅಂಗೈಯಗಲದ ಡಿಕ್ಷನರಿಯೊಂದು ಹಿಟ್ಟಿನ ಡಬ್ಬಿಯ ಹಿಂದೆ ಇರುತ್ತಿತ್ತು. ಔಷಧದ ಬಾಟಲಿಯ ಮೇಲೆ ‘ಶೇಕ್ ವೆಲ್’ ಎಂದಿದ್ದುದನ್ನು ನೋಡಿ, ವೆಲ್ ಎಂದರೆ ಬಾವಿ ಎಂದು ಸಾಲಿಯಲ್ಲಿ ಕಲಿತಿದ್ದ ನಾನು, ಬಾವಿಯನ್ನು ಅಲ್ಲಾಡಿಸುವುದು ಹೇಗೆಂದು ಎರಡು ದಿನ ಯೋಚಿಸಿದ್ದೇನೆ. ‘ತಂಪಾದ, ಒಣಗಿದ ಜಾಗದಲ್ಲಿಡಿ’ ಎಂದು ಎಲ್ಲ ಡಬ್ಬಿಗಳೂ ಬರೆದುಕೊಂಡಿರುತ್ತವೆ. ಏಪ್ರಿಲ್ ತಿಂಗಳಲ್ಲಿ ಗಂಗಾವತಿಯಲ್ಲಿ ಅಂಥ ಜಾಗ ಎಲ್ಲಿದೆಯೆಂದು ಅವು ಹೇಳುವುದಿಲ್ಲ. ಇದ್ದಿದ್ದರೆ ಡಬ್ಬಿಗಿಂತ ಮೊದಲು ನಾನು ಹೋಗಿ ಕೂರುತ್ತಿದ್ದೆ.

ಓದು ಸ್ವಲ್ಪ ಹತ್ತಿದ ಮೇಲೆ ಮಾವನವರ ಹಳೇ ಪೇಪರುಗಳಿಗೂ ಕೈ ಹಾಕಿದೆ. ಒಂದು ಬುಧವಾರ ಪೇಪರಿನವನು ತಪ್ಪಿ ಮಂಗಳವಾರದ ಪೇಪರನ್ನೇ ಮತ್ತೆ ಕೊಟ್ಟುಹೋಗಿದ್ದ. ಮಾವನವರು ಅದನ್ನು ಎಂದಿನಂತೆ ಒಂದು ತಾಸು ಓದಿದರು. ಕೇಳಿದವರಿಗೆ ಆ ದಿನದ ತಾಜಾ ಸುದ್ದಿಯನ್ನೇ ಹೇಳಿದರು. ಅದು ಬೆಳಿಗ್ಗೆ ರೇಡಿಯೋದ ಕನ್ನಡ ವಾರ್ತೆಯಲ್ಲಿ ಬಂದ ಸುದ್ದಿ. ರೊಟ್ಟಿ ಬಡಿಯುತ್ತ ನಾನೂ ಕೇಳಿದ್ದೆ. ನಾನು ಪೇಪರನ್ನು ಮಡಚಿ ಸುಮ್ಮನೆ ಅಟ್ಟಕ್ಕಿಟ್ಟೆ. ಗಂಡನಿಗೂ ಹೇಳಲಿಲ್ಲ. ಮನೆಯ ಹಿರಿಯರ ಮಾನ ಎನ್ನುವುದಕ್ಕಿಂತ, ನನ್ನಂಥವರು ಇನ್ನೊಬ್ಬರಿದ್ದಾರೆ ಎಂಬ ಸಮಾಧಾನವೇ ಹೆಚ್ಚಾಗಿತ್ತು.

ಅದಾಗಿ ಕೆಲವು ತಿಂಗಳಿಗೆ ಮಾವನವರಿಗೆ ಮೊಣಕಾಲು ನೋವು ಬಂತು. ಯಾರೋ ಒಂದು ಬಾಟಲಿ ತಂದುಕೊಟ್ಟರು. ನಾನು ನೀರು ತರುವಷ್ಟರಲ್ಲಿ ಅವರು ಅದನ್ನು ಮುಚ್ಚಳಕ್ಕೆ ಬಗ್ಗಿಸಿ ಬಾಯಿಗೆ ಒಯ್ಯುತ್ತಿದ್ದರು.

“ಮಾವಾರ, ಕುಡೀಬ್ಯಾಡ್ರಿ! ಅದು ಹಚ್ಚಿಕೊಳ್ಳೂದು!” ಎಂದು ಕೂಗಿದೆ.

ಮುಚ್ಚಳ ಕೆಳಗಿಟ್ಟು, “ಎಲ್ಲಿ ಬರದೈತಿ?” ಎಂದರು.

“ಇಲ್ಲಿ ನೋಡ್ರಿ, ಕೆಂಪಕ್ಷರದಾಗ” ಎಂದು ತೋರಿಸಿದೆ.

ಅವರು ಆ ಕೆಂಪಕ್ಷರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂಬುದು ನನಗೆ ಗೊತ್ತಿದೆ ಎಂದು ಅವರಿಗೆ ಆಗ ಗೊತ್ತಾಯಿತು. ನಾನು ನೀರಿನ ಚೊಂಬು ಹಿಡಿದುಕೊಂಡು ಒಳಗೆ ಹೋದೆ.

ಮರುದಿನ ಮಧ್ಯಾಹ್ನ ಟ್ರಂಕಿನಿಂದ ಒಂದು ಕಟ್ಟು ತಂದು ನನ್ನೆದುರು ಇಟ್ಟರು. ಆರು ನೀಲಿ ಇನ್‌ಲ್ಯಾಂಡ್ ಪತ್ರಗಳು, ಬ್ಲೇಡಿನಿಂದ ನೀಟಾಗಿ ಬಿಡಿಸಿದ್ದವು.

“ಗಿರಿಜವ್ವಾ, ಕೂಡಿಸಿ ಬರದ ಅಕ್ಷರ ಓದಾಕ ಬರತೈತೇನು ನಿನಗ?”

“ನಿಧಾನಕ್ಕ ಓದತೀನ್ರಿ.”

“ನಿಧಾನಕ್ಕಽ ಓದು. ಅವಸರ ಮಾಡೂ ಕಾಲ ಮುಗದೈತಿ.”

ಪತ್ರಗಳು ಅವರ ಇಂಜಿನಿಯರ್ ಸಾಹೇಬರವು. ಸಾಹೇಬರು ಕೇರಳದವರು. ಕಾಲುವೆಯ ಗುಂಟ ಹನ್ನೊಂದು ವರ್ಷ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ತಿರುಗಿದವರು ಮಾವನವರು. ಇಬ್ಬರೂ ಹರಕುಮುರುಕು ಹಿಂದಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಸಾಹೇಬರು ಊರಿಗೆ ಹೊರಟ ದಿನ ಹತ್ತು ಜನರ ಎದುರು ಕೇಳಿದರಂತೆ, “ಪತ್ರ ಬರೆಯುತ್ತೇನೆ. ಇಂಗ್ಲಿಷ್ ಓದಲು ಬರುತ್ತದಲ್ಲ?” ಉಳಿದ ಡ್ರೈವರುಗಳೆಲ್ಲ ನೋಡುತ್ತ ನಿಂತಿದ್ದರು. ಇವರು “ಎಸ್ ಸಾರ್” ಎಂದುಬಿಟ್ಟರು.

“ಕಲತ ಬಿಡತೀನಿ ಅನಕೊಂಡಿದ್ದೆವ್ವಾ” ಎಂದರು ಮಾವನವರು. “ಅದಕ್ಕಽ ಪೇಪರ್ ಹಚ್ಚಿದೆ. ದಿನಾ ಜೀಪಿನಾಗ ಕುಂತ್ರ ರಸ್ತೆ ತಾನಽ ಗೊತ್ತಾಗತೈತಿ. ಇದೂ ಹಂಗಽ ಅಂತ ತಿಳದಿದ್ದೆ. ಅಷ್ಟರಾಗ ಊರಿಗೆಲ್ಲಾ ನನಗ ಇಂಗ್ಲಿಷ್ ಬರತೈತಿ ಅಂತ ಆಗಿಬಿಡ್ತು. ಆಮ್ಯಾಲೆ ಯಾರನ್ನ ಕೇಳ್ಲಿ?”

ವರ್ಷಕ್ಕೊಂದು ಪತ್ರ ಬರುತ್ತಿತ್ತು. ಅದಕ್ಕೆ ಉತ್ತರವಾಗಿ ಇವರು ಹೊಸ ವರ್ಷಕ್ಕೆ ಹೂವಿನ ಚಿತ್ರದ ಒಂದು ಗ್ರೀಟಿಂಗ್ ಕಾರ್ಡು ಕೊಂಡು, ಕೆಳಗೆ ಕನ್ನಡದಲ್ಲಿ ಸಹಿ ಹಾಕಿ, ಪತ್ರದ ಹಿಂದಿದ್ದ ವಿಳಾಸವನ್ನು ಚಿತ್ರ ಬರೆದಂತೆ ನಕಲು ಮಾಡಿ ಕಳಿಸುತ್ತಿದ್ದರು. ಆಮೇಲೆ ಪತ್ರ ಬರುವುದು ನಿಂತು ಎರಡು ವರ್ಷವಾಗಿತ್ತು.

ದಿನಕ್ಕೊಂದು ಪತ್ರದಂತೆ ಓದಿದೆವು. ಸಾಹೇಬರ ಇಂಗ್ಲಿಷು ಸುಲಭವಾಗಿತ್ತು. ಡ್ರೈವರಿಗೆಂದೇ ಸಣ್ಣ ಸಣ್ಣ ವಾಕ್ಯ ಬರೆದಿದ್ದರು. ಸೊಂಟ ಹೇಗಿದೆ, ಮಗನ ಓದು ಎಲ್ಲಿಗೆ ಬಂತು, ಹುಲಿಗೆಮ್ಮನ ಗುಡಿಗೆ ಹೋದಾಗ ನನ್ನ ಹೆಸರಿನಲ್ಲೂ ಒಂದು ಕಾಯಿ ಒಡೆಸು. ಮಾವನವರು ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಐದನೆಯ ದಿನ ಐದನೆಯ ಪತ್ರ ಬಿಚ್ಚಿ, ಸಾಹೇಬರ ಹೆಂಡತಿಯ ವಿಷಯವಿದ್ದ ಮೊದಲ ಸಾಲು ಓದಿ, ನಾನು ಉತ್ಸಾಹದಿಂದ ಹೇಳಿದೆ: “ಮಾವಾರ, ಅಮ್ಮಾರು ಪಾಸಾಗ್ಯಾರಂತ್ರಿ!”

ಮಾವನವರಿಗೆ ಖುಷಿಯಾಯಿತು. “ಈ ವಯಸ್ಸಿನಾಗ ಯಾವ ಪರೀಕ್ಷಾ ಬರದರವ್ವಾ ತಾಯಿ! ಭಾಳ ಓದೂ ಹೆಣಮಗಳು. ಜೀಪಿನಾಗೂ ಪುಸ್ತಕ ಹಿಡಕೊಂಡಽ ಕುಂದ್ರತಿದ್ಲು. ನನ್ನ ಡಬ್ಬಿಗೆ ಉಪ್ಪಿನಕಾಯಿ ಹಾಕೂದು ಮಾತ್ರ ಒಂದಿನಾನೂ ಮರೀಲಿಲ್ಲ” ಎಂದು ನಕ್ಕರು. “ಮುಂದ ಓದು.”

ಮುಂದಿನ ಸಾಲು, ಮನೆ ತುಂಬಾ ನಿಶ್ಶಬ್ದವಾಗಿದೆ ಎಂದಿತ್ತು. ಪರೀಕ್ಷೆ ಪಾಸಾದ ಮನೆ ಯಾಕೆ ನಿಶ್ಶಬ್ದವಾಗಿರಬೇಕು? ಮತ್ತೆ ಹಿಂದಕ್ಕೆ ಹೋದೆ. ‘ಪಾಸ್ಡ್’ ಎಂಬುದರ ಪಕ್ಕದಲ್ಲಿ ‘ಅವೇ’ ಎಂದು ಇನ್ನೊಂದು ಶಬ್ದವಿತ್ತು. ಎದ್ದು ಹೋಗಿ ಡಿಕ್ಷನರಿ ತಂದೆ. ಆ ಎರಡು ಶಬ್ದ ಕೂಡಿದರೆ ಏನಾಗುತ್ತದೆಂದು ಅದರಲ್ಲಿ ಸಣ್ಣಕ್ಷರದಲ್ಲಿ ಕೊಟ್ಟಿದ್ದರು.

ಹೇಳದೆ ಬಿಡುವಂತಿರಲಿಲ್ಲ. “ತಪ್ಪು ಓದಿದೆನ್ರಿ ಮಾವಾರ. ಅಮ್ಮಾರು ತೀರಿಕೊಂಡಾರ.”

ಮಾವನವರು ಕಣ್ಣು ತೆರೆದರು. “ಯಾವ ವರ್ಷ?” ಎಂದರು. ತಾರೀಖು ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. “ಆ ವರ್ಷ ನಾ ಗುಲಾಬಿ ಹೂವಿನ ಕಾರ್ಡ್ ಕಳಿಸೀನಿ” ಎಂದರು. “ಹ್ಯಾಪಿ ನ್ಯೂ ಇಯರ್.”

ಆರನೆಯ ಪತ್ರವನ್ನು ಅವತ್ತೇ ಓದಿದೆ. ಎರಡೇ ಸಾಲು. ನಿನ್ನ ಕಾರ್ಡು ತಲುಪಿತು. ವಂದನೆಗಳು. ಅಷ್ಟೇ.

ಮಾವನವರು ಆ ದಿನ ಸಂಜೆ ಊಟ ಮಾಡಲಿಲ್ಲ. ಮಗ ಕೇಳಿದ್ದಕ್ಕೆ ಮೊಣಕಾಲು ನೋವು ಎಂದರು. ನಾನು ಒಳಗೊಳಗೇ ನನ್ನ ಉತ್ಸಾಹವನ್ನು ಬೈದುಕೊಂಡೆ. ಒಬ್ಬರ ಸಾವಿನ ಸುದ್ದಿಯನ್ನು ನಗುನಗುತ್ತ ಹೇಳಿದವಳು ನಾನು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು: ಸಾಹೇಬರಾದರೂ ಇದ್ದಾರೋ ಇಲ್ಲವೋ.

ಮಾರನೇ ದಿನ ಉತ್ತರ ಬರೆಯಲು ಕೂತೆವು. ಸಾಲಿಯಲ್ಲಿ ಕಲಿತ ಪತ್ರದ ಕ್ರಮವೊಂದೇ ನನ್ನ ಬಂಡವಾಳ. ತಕ್ಕ ಗೌರವದೊಂದಿಗೆ ಬೇಡಿಕೊಳ್ಳುತ್ತೇನೆ, ನಾನು ಕೆಲವು ಕಾರಣಗಳಿಂದ ನರಳುತ್ತಿದ್ದುದರಿಂದ, ದಯಮಾಡಿ ಮನ್ನಿಸಬೇಕು ಎಂದು ಒಂದು ಪುಟ ಬರೆದು ಅರ್ಥ ಹೇಳಿದೆ. ಮಾವನವರು ಪೂರ್ತಿ ಕೇಳಿ, “ಇದು ರಜಾ ಚೀಟಿ ಆತಲ್ಲವ್ವಾ” ಎಂದರು. “ಹರದ ಹಾಕು. ನಾ ಹೇಳಿದಷ್ಟು ಬರಿ.”

“ಹೇಳ್ರಿ.”

“ಸಾಹೇಬರ, ನನಗ ಇಂಗ್ಲಿಷ್ ಬರಂಗಿಲ್ಲ.”

ನಾನು ಪೆನ್ನು ಎತ್ತಿದೆ. “ಬರೀಲ್ಯಾ ಮಾವಾರ?”

“ಬರಿ. ಅವತ್ತು ಸುಳ್ಳ ಹೇಳಿದೆ. ನಿಮ್ಮ ಕಾಗದ ಯಾರಿಗೂ ತೋರಿಸಲಿಲ್ಲ, ನಾಚಿಕಿ ಬಂತು. ಅಮ್ಮಾರು ಹೋದದ್ದು ನನಗ ನಿನ್ನೆ ಗೊತ್ತಾತು. ನಿನ್ನೆ ಅತ್ತೀನಿ. ನೀವು ಅದೀರಂತ ತಿಳಿದು ಸೊಸಿ ಕೈಲೆ ಬರಸಾಕತ್ತೀನಿ.”

ಬರೆಯುವುದು ಎಷ್ಟು ಸುಲಭವಾಯಿತೆಂದರೆ ನನಗೇ ಆಶ್ಚರ್ಯ. ಬೇಡಿಕೊಳ್ಳುವುದಕ್ಕೆ ದೊಡ್ಡ ಶಬ್ದಗಳು ಬೇಕಾಗಿದ್ದವು. ನಿಜ ಹೇಳುವುದಕ್ಕೆ ನನ್ನಲ್ಲಿದ್ದ ಶಬ್ದಗಳೇ ಸಾಕಾದವು. ಮಾವನವರು ಕೆಳಗೆ ಸಹಿ ಮಾಡಿ, ಪತ್ರವನ್ನು ತಾವೇ ಒಯ್ದು ಡಬ್ಬಿಗೆ ಹಾಕಿ ಬಂದರು. ಅವತ್ತು ಸಂಜೆ ಮಗನಿಗೂ ಎಲ್ಲ ಹೇಳಿದರು. ನನ್ನ ಗಂಡ ಏನೋ ಹೇಳಲು ಹೋಗಿ, ಅವರ ಮುಖ ನೋಡಿ, “ಆತ್ ಬಿಡಪ್ಪಾ” ಎಂದಷ್ಟೇ ಅಂದ.

ಅಂದಿನಿಂದ ಮಾವನವರು ಕಟ್ಟೆಯ ಮೇಲೆ ಪೇಪರು ಹಿಡಿಯಲಿಲ್ಲ. ಅಂಚೆಯವನ ಸೈಕಲ್ಲು ಬರುವ ಹೊತ್ತಿಗೆ ಸುಮ್ಮನೆ ಕೂರುತ್ತಿದ್ದರು. ಒಂದು ತಿಂಗಳಾಯಿತು. ಇನ್ನು ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಕೈ ಬಿಟ್ಟಿದ್ದೆ.

ಬಂತು. ವಿಳಾಸ ಬೇರೆಯವರ ಕೈಯದು, ಒಳಗಿನ ಅಕ್ಷರ ಮಾತ್ರ ಸಾಹೇಬರದೇ, ಕಣ್ಣು ಮಂದವಾದವರು ಬರೆಯುವಂತೆ ದೊಡ್ಡದು, ವಾರೆ. ನಾನು ಓಡಿಹೋಗಿ ಮೊದಲು ಡಿಕ್ಷನರಿ ತಂದಿಟ್ಟುಕೊಂಡೆ. ಪತ್ರದ ಸಾರ ಇಷ್ಟು: ಗುಲಾಬಿಯ ಕಾರ್ಡು ನೋಡಿ ನನಗೆ ಬಹಳ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಇಷ್ಟು ವರ್ಷ ಕಳೆದೆ. ನಿನ್ನ ಊರಿನಲ್ಲಿ ಹನ್ನೊಂದು ವರ್ಷ ಅನ್ನ ತಿಂದು ಕನ್ನಡದ ಒಂದು ಅಕ್ಷರ ಕಲಿಯದವನು ನಾನು. ನಾಚಿಕೆ ನಿನ್ನೊಬ್ಬನದೇ ಅಲ್ಲ. ಕೆಳಗೆ ನನಗೆಂದು ಎರಡು ಸಾಲು: ಮಗಳೇ, ‘ಐ ಆಮ್ ನಾಟ್ ನೋಯಿಂಗ್’ ಎಂದು ಬರೆಯಬಾರದು, ‘ಐ ಡೋಂಟ್ ನೋ’ ಸಾಕು. ಉಳಿದದ್ದೆಲ್ಲ ಅರ್ಥವಾಯಿತು.

ಆಮೇಲೆ ತಿಂಗಳಿಗೊಂದು ಪತ್ರ. ಪ್ರತಿಯೊಂದರ ಕೊನೆಗೂ ನನ್ನ ಎರಡೋ ಮೂರೋ ತಪ್ಪಿನ ತಿದ್ದುಪಡಿ. ನನ್ನ ಇಂಗ್ಲಿಷು ಇದ್ದಷ್ಟು ಬಂದದ್ದು ಹೀಗೆ. ಮಾವನವರೂ ಸ್ಲೇಟು ಹಿಡಿದರು. ಕೊಪ್ಪಳ, ಯಲಬುರ್ಗಾ ಬಸ್ಸುಗಳ ಇಂಗ್ಲಿಷ್ ಬೋರ್ಡಿನಿಂದ ದೊಡ್ಡಕ್ಷರ ಕಲಿತರು, ನನ್ನ ಡಬ್ಬಿ ಪೊಟ್ಟಣಗಳಿಂದ ಸಣ್ಣಕ್ಷರ. ಓಣಿಯವರು ನಕ್ಕರು, ಆಮೇಲೆ ಕಾಗದ ಓದಿಸಲು ನಮ್ಮಿಬ್ಬರ ಹತ್ತಿರವೇ ಬಂದರು.

ಎರಡು ವರ್ಷದ ಮೇಲೆ ಒಂದು ದಿನ ಮಾವನವರು ನನ್ನನ್ನು ಕರೆಯದೆ ತಾವೇ ಒಂದು ಇನ್‌ಲ್ಯಾಂಡ್ ಪತ್ರ ತುಂಬಿಸಿದರು. ಇಡೀ ಬೆಳಿಗ್ಗೆ ಹಿಡಿಯಿತು.

“ಅಂಟಿಸೂದಕ್ಕಿಂತ ಮೊದಲ ಒಮ್ಮೆ ನೋಡಲ್ಯಾ ಮಾವಾರ?”

“ಬ್ಯಾಡವ್ವಾ. ತಪ್ಪಿದ್ರ ಸಾಹೇಬ್ರು ತಿದ್ದತಾರ.”

ಉತ್ತರ ಬಂದಾಗಲೂ ಅದನ್ನು ನನ್ನ ಕೈಗೆ ಕೊಡಲಿಲ್ಲ. ಹಿತ್ತಲ ಬೇವಿನ ಮರದ ಕೆಳಗೆ ಕೂತು, ಡಿಕ್ಷನರಿ ಮಗುಚುತ್ತ, ತುಟಿ ಅಲ್ಲಾಡಿಸುತ್ತ ಓದಿದರು. ಒಮ್ಮೆ ನಕ್ಕರು. ಒಮ್ಮೆ ಚಷ್ಮಾ ತೆಗೆದು ಒರೆಸಿಕೊಂಡರು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಎರಡು ಸಲ ಆ ಕಡೆ ಹೋಗಿ ಬಂದೆ. ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದೆ:

“ಸಾಹೇಬ್ರು ಆರಾಮ ಅದಾರಂತೇನ್ರಿ?”

“ಆರಾಮ ಅದಾರ.”

“ಮತ್ತೇನಂತ್ರಿ?”

ಮಾವನವರು ರೊಟ್ಟಿ ಮುರಿಯುತ್ತ, ಬಹಳ ಮೆತ್ತಗೆ, “ಅದು ನಮ್ಮಿಬ್ಬರ ಮಾತು ಗಿರಿಜವ್ವಾ” ಎಂದರು.

ಅರ್ಧ ದಿನ ನನಗೆ ಮುನಿಸು. ಓದಲು ಕಲಿಸಿದವಳಿಗೇ ಓದಲು ಕೊಡದಿದ್ದರೆ ಹೇಗೆ? ಸಂಜೆ ಚಹಾ ಕಾಸುವಾಗ ಹೊಳೆಯಿತು: ಅರವತ್ತೆಂಟು ವರ್ಷದ ಮನುಷ್ಯನಿಗೆ ಬೇರೆ ಯಾರೂ ಓದಬಾರದಂಥ ಒಂದು ಕಾಗದ ಬಂದಿದೆ. ಇದಕ್ಕಿಂತ ಹೆಚ್ಚಿನ ಇಂಗ್ಲಿಷು ಯಾರಿಗೆ ಯಾಕೆ ಬೇಕು? ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ, ಲೋಟವನ್ನು ಬೇವಿನ ಮರದ ಕೆಳಗಿಟ್ಟು, ಕಾಗದದ ಕಡೆ ನೋಡದೆ ಒಳಗೆ ಬಂದೆ.